ನಿದ್ದೆ ಮಾಡದ ಕೈ

ಮೊದಲು ಹೆಬ್ಬೆರಳು.
ಚೌತಿಯ ಮರುದಿನ, ನೆವರಿ ಹಿಡಿದ ಎಡಗೈಯಲ್ಲಿ
ಅದೊಂದೇ ಟಕ್ ಟಕ್ ಅಂತ ಕುಣಿಯಿತು.
ಆಟ ಸಾಕು, ತಿನ್ನು, ಅಂದೆ.
ನಾನಲ್ಲ ಆಯಿ, ಅದೇ ಆಡ್ತಿದೆ, ಅಂದಳು ಶಮಿಕಾ.
ಸುಳ್ಳು ಹೇಳುವಾಗ ಮೂಗು ಮುಟ್ಟಿಕೊಳ್ಳುತ್ತಾಳೆ.
ಅವತ್ತು ಮುಟ್ಟಿಕೊಳ್ಳಲಿಲ್ಲ.

ದೀಪಾವಳಿಗೆ ಮಣಿಕಟ್ಟು.
ತುಳಸಿ ಮದುವೆಯ ಹೊತ್ತಿಗೆ ಮೊಣಕೈ, ತುಟಿಯ ಎಡ ಅಂಚು.
ನಿದ್ದೆಯಲ್ಲೂ ನಿಲ್ಲದು. ಮೈಯೆಲ್ಲ ಮಲಗಿದ ಮೇಲೂ
ಚಾಪೆಯ ಮೇಲೆ ಆ ಕೈ ಮಾತ್ರ
ಇಂಜಿನ್ ಆರಿಸದೆ ನಿಲ್ಲಿಸಿದ ಬಸ್ಸಿನ
ಗೇರಿನ ಕೋಲಿನಂತೆ.

ನಾನು ಕಂಡಕ್ಟರ್. ಕಾರವಾರ – ಮಾಜಾಳಿ, ದಿನಕ್ಕೆ ಏಳು ಟ್ರಿಪ್ಪು.
ಹೊತ್ತು ಅಂದರೆ ನನಗೆ ಸ್ಟಾಪುಗಳೇ.
ಡಾಕ್ಟರು ಕೇಳಿದಾಗ ಹಾಗೇ ಹೇಳಿದೆ:
ಸಣ್ಣದು ಬಂದರೆ ಕೋಡಿಬಾಗದಿಂದ ಸೇತುವೆಯ ತುದಿಯವರೆಗೆ,
ದೊಡ್ಡದು ಚಿತ್ತಾಕುಲಾ ದಾಟುತ್ತದೆ.
ಅವರು ಅದನ್ನು ನಿಮಿಷಕ್ಕೆ ಇಳಿಸಿ ಬರೆದುಕೊಂಡರು.

ಒಮ್ಮೆ ನನ್ನ ಬಸ್ಸಿನಲ್ಲೇ ಬಂತು.
ಮುಂದಿನ ಸೀಟಿನಿಂದ ಬಿದ್ದಳು, ಟಿಕೆಟ್ ಮೆಷಿನ್ ನನ್ನ ಕೈಯಿಂದ ಜಾರಿತು.
ಕೀಲಿ ಕೊಡಿ, ಕೀಲಿ, ಕಬ್ಬಿಣ ಹಿಡಿಸಿ!
ಹಿಂದಿನ ಸೀಟಿನಿಂದ ಕೈಯಿಂದ ಕೈಗೆ ದಾಟಿ ಬಂದವು
ಬೈಕಿನ ಕೀಲಿ, ಗೋದ್ರೇಜಿನ ಕೀಲಿ,
ಮೀನಿನ ಹೆಂಗಸೊಬ್ಬಳ ಸೊಂಟದ ಗೊಂಚಲು.
ಯಾವುದೂ ಆ ಬಾಗಿಲಿನದಲ್ಲ.
ಮಗ್ಗುಲಿಗೆ ಹೊರಳಿಸಿ, ತಲೆ ಹಿಡಿದು, ಎಣಿಸುತ್ತ ಕೂತೆ.
ಆಮೇಲೆ ಯಾರ ಕೀಲಿ ಯಾರದೆಂದು
ಮಾಜಾಳಿಯವರೆಗೂ ಹಂಚಿದೆ.

ನಾಲ್ಕು ಬಗೆಯ ಗುಳಿಗೆ. ಸ್ಟೀರಾಯ್ಡ್ ಮುಖ ಊದಿಸಿತು;
ಮಗು ಚೆನ್ನಾಗಿ ತುಂಬಿಕೊಂಡಿದೆಯಲ್ಲ, ಅಂದರು ನೆರೆಯವರು.
ಮಣಿಪಾಲದಲ್ಲಿ ಹೆಸರು ಹೇಳಿದರು: ರಾಸ್ಮುಸೆನ್.
ರಸಮ್ಮನಾ? ಯಾವ ಊರಿನವಳು? ಅಂದರು ಅತ್ತೆ,
ಉಪ್ಪು ಮೆಣಸು ನಿವಾಳಿಸುತ್ತ.
ಡಾಕ್ಟರು ಚೀಟಿಯ ಹಿಂದೆ ಮೊಟ್ಟೆಯಂಥದೊಂದು ಬರೆದು
ನಡುವೆ ಗೆರೆ ಎಳೆದರು.
ಬಲಗಡೆಯದು ಉರಿಯುತ್ತಿದೆ. ಹೊರಗಿನ ಕ್ರಿಮಿಯಲ್ಲ,
ಕಾವಲಿಗಿದ್ದವರೇ ಮನೆಗೆ ಕಿಚ್ಚಿಟ್ಟಿದ್ದಾರೆ.
ಯಾರ ತಪ್ಪೂ ಅಲ್ಲ.
ಆ ಅರ್ಧವನ್ನು ಈ ಅರ್ಧದಿಂದ ಬಿಡಿಸಬೇಕು.
ಎಡಗೈಯ ಬೆರಳು ಮತ್ತೆ ಬರಲಿಕ್ಕಿಲ್ಲ. ಮಾತು ಉಳಿಯಬಹುದು. ನಡಿಗೆ ಕಲಿಯಬಹುದು.

ಬಹುದು, ಬಹುದು.
ಅರ್ಧ ಟಿಕೆಟ್ಟು ನಾನು ದಿನಾ ಹರಿಯುತ್ತೇನೆ, ಮಕ್ಕಳಿಗೆ.

ಮರಳುವಾಗ ಕಾಳಿಯ ಮೇಲೆ ಬಂದೆವು.
ಆ ಮಳೆಗಾಲದ ರಾತ್ರಿ ಹಳೆಯ ಸೇತುವೆ
ಲಾರಿಯೊಂದನ್ನು ಎತ್ತಿಕೊಂಡೇ ನೀರಿಗೆ ಕೂತಿತ್ತು.
ಮರುದಿನ ಊರೆಲ್ಲ ಅಂದಿತ್ತು: ಇನ್ನು ಮುಗಿಯಿತು, ಗೋವೆಯೇ ಬಂದ್.
ಈಗ ಉಳಿದೊಂದರ ಮೇಲೆ
ಹೋಗುವುದೂ ಬರುವುದೂ. ನಿಧಾನ, ಹಾರ್ನು, ಬೈಗುಳ,
ಆದರೂ ಮೀನು ಹೋಗುತ್ತದೆ, ಶಾಲೆಯ ಮಕ್ಕಳು ಬರುತ್ತಾರೆ.
ನಾನು ಏನೂ ಹೇಳಲಿಲ್ಲ.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ದಿನವಿಡೀ ಗಡ್ಡೆ ಎತ್ತುವ ಇವರೂ
ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು.
ಸಹಿ ಮಾಡುವಾಗ ಇವರ ಬಲಗೈ ನಡುಗಿತು.
ಅದು ಕಾಯಿಲೆಯಲ್ಲ.

ಎಂಟು ತಾಸು.
ಆ ರಾತ್ರಿ ಮೊದಲ ಸಲ ಎಡಗೈ ಮಲಗಿತ್ತು,
ಬ್ಯಾಂಡೇಜಿನ ತಲೆಯ ಪಕ್ಕ, ಯಾರೋ ಬಿಟ್ಟುಹೋದ ಕೈಚೀಲದಂತೆ.
ಇದನ್ನೇ ಬೇಡಿಕೊಂಡಿದ್ದೆ.
ಆದರೂ ಆ ಟಕ್ ಟಕ್ ಇಲ್ಲದೆ ನನಗೆ ನಿದ್ದೆ ಹತ್ತಲಿಲ್ಲ;
ಎರಡು ಸಲ ಎದ್ದು ಮೂಗಿನ ಹತ್ತಿರ ಬೆರಳಿಟ್ಟೆ.

ಈಗ ಕಾಲಿಗೆ ಪಟ್ಟಿ ಕಟ್ಟಿ ಅಂಗಳ ದಾಟುತ್ತಾಳೆ.
ಎಡಗಡೆಯ ಲೋಕ ಅವಳಿಗೆ ಕಾಣದು,
ಬಾಗಿಲಿಗೆ ಭುಜ ತಾಗಿಸಿಕೊಂಡು ಬಾಗಿಲಿಗೇ ಬೈಯುತ್ತಾಳೆ.
ತಟ್ಟೆಯಲ್ಲಿ ಬಲಗಡೆಯ ಅನ್ನವಷ್ಟೇ ತಿಂದು
ಆಯ್ತು ಅನ್ನುತ್ತಾಳೆ.
ನಾನು ಮಾತಾಡದೆ ತಟ್ಟೆ ತಿರುಗಿಸುತ್ತೇನೆ.
ಅಯ್ಯೋ, ತಾರ್ಲೆ ಇಲ್ಲಿತ್ತಾ!